ಹೆದ್ದಾರಿಯ ಮರಣಗಳೂ ಪರಿಹಾರದ ಹಕ್ಕೂ

ಶ್ರೀರಂಗಪಟ್ಟಣದ ದಸರಾ ಮಹೋತ್ಸವವು ಕಿರಂಗೂರಿನ ಬನ್ನಿಮಂಟಪದ ಬಳಿಯಲ್ಲಿ ಆರಂಭವಾಗುವುದೆಂಬುದನ್ನು ಈ ಸೀಮೆಯವರೆಲ್ಲರೂ ಬಲ್ಲರು. ೧೬೧೦ರಲ್ಲಿ ರಾಜ ಒಡೆಯರು ಪಟ್ಟಣದಲ್ಲಿ ನವರಾತ್ರಿಯ ಉತ್ಸವವನ್ನು ನಡೆಸಿದುದರ ನೆನಪು ಈ ಆಚರಣೆಯಲ್ಲಿ ಉಳಿದುಬಂದಿದೆ. ಅದೇ ಕಿರಂಗೂರಿನ ಬಳಿ ಬೆಂಗಳೂರು–ಮೈಸೂರು ರಸ್ತೆಯಿಂದ ಪಾಂಡವಪುರದ ದಾರಿಯು ಕವಲೊಡೆಯುತ್ತದೆ. ವರ್ಷಕ್ಕೊಮ್ಮೆ ಆನೆಯ ಮೇಲೆ ಅಂಬಾರಿ ಹೊರಡುವ ಊರಿನ ಮಗ್ಗುಲಲ್ಲಿ ಹಗಲಿರುಳೂ ವಾಹನಗಳ ಮೆರವಣಿಗೆ ಸಾಗುತ್ತಿರುವುದು. ಬಸ್ಸು, ಲಾರಿ, ಯಾತ್ರಿಕರ ಕಾರು, ಕಬ್ಬು ಹೇರಿದ ಟ್ರಾಕ್ಟರು, ಇವುಗಳ ನಡುವೆ ಕೂಲಿಗೋ ಕಾರಖಾನೆಗೋ ಕಾಲೇಜಿಗೋ ಹೊರಟ ಹಳ್ಳಿಯ ತರುಣನ ಮೋಟಾರ್ ಸೈಕಲ್ಲು. ೨೦೨೩ರ ಮಾರ್ಚ್ ೧೨ರಂದು ನೂತನ ಹೆದ್ದಾರಿಯ ಉದ್ಘಾಟನೆಯಾಯಿತು. ಅದೇ ವರ್ಷದ ಆಗಸ್ಟ್ ೧ರಿಂದ ಅದರ ಮುಖ್ಯ ಪಥದಲ್ಲಿ ಇಬ್ಬಾಲಿ ವಾಹನಗಳು ನಿಷೇಧಿಸಲ್ಪಟ್ಟುವು. ಆದುದರಿಂದ ಮೋಟಾರ್ ಸೈಕಲ್ಲಿನವರ ಪಾಲಿಗೆ ಉಳಿದಿರುವುದು ಪಕ್ಕದ ರಸ್ತೆಗಳು, ಕೂಡುದಾರಿಗಳು ಮತ್ತು ಊರಿನ ತಿರುವುಗಳು.

೨೦೨೨ರಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ ೧,೬೮,೪೯೧ ಮಂದಿ ಮಡಿದರೆಂದೂ ಅವರಲ್ಲಿ ೭೪,೮೯೭ ಮಂದಿ ಇಬ್ಬಾಲಿ ವಾಹನಗಳ ಮೇಲಿದ್ದವರೆಂದೂ ಕೇಂದ್ರ ಸರಕಾರದ ವರದಿಯೇ ಹೇಳುತ್ತದೆ. ಇಂಥ ಮರಣಗಳನ್ನು ತಡೆಯುವ ಮಾರ್ಗಗಳನ್ನು ಕುರಿತು ಚರ್ಚೆ ಸಾಕಷ್ಟು ನಡೆದಿದೆ. ಆದರೆ ದುಡಿಯುವ ಮಗನೋ ಗಂಡನೋ ಮಡಿದ ಮೇಲೆ ಆ ಮನೆಗೆ ನ್ಯಾಯವಾಗಿ ಬರತಕ್ಕದ್ದು ಏನು, ಅದು ಏಕೆ ಬಾರದೆ ಹೋಗುತ್ತದೆ ಎಂಬ ವಿಷಯವು ವಿದ್ಯಾವಂತರ ಗಮನಕ್ಕೆ ಬಂದಿರುವುದು ಕಡಿಮೆ. ಪರಿಹಾರದ್ರವ್ಯವು ಯಾರ ಔದಾರ್ಯವೂ ಅಲ್ಲ. ಅದು ಕಾನೂನು ಒಪ್ಪಿಕೊಂಡಿರುವ ಸಾಲ. ಆ ಸಾಲವು ಮುಳುಗಿಹೋಗುವುದು ಬಹುಮಟ್ಟಿಗೆ ಅಪಘಾತವಾದ ಮೊದಲ ಕೆಲವು ವಾರಗಳಲ್ಲಿಯೇ ಎಂಬುದನ್ನು ಇಲ್ಲಿ ನಿವೇದಿಸಬಯಸುತ್ತೇವೆ.

ಈ ಹಕ್ಕು ತಾನಾಗಿ ಬಂದುದಲ್ಲ. ೧೮೦೮ರಲ್ಲಿ ಇಂಗ್ಲೆಂಡಿನಲ್ಲಿ ಕುದುರೆಗಾಡಿಯೊಂದು ಮಗುಚಿ ಹೆಂಡತಿಯನ್ನು ಕಳೆದುಕೊಂಡವನೊಬ್ಬನು ದಾವೆ ಹೂಡಿದಾಗ, ಮನುಷ್ಯನ ಮರಣವು ಸಿವಿಲ್ ನ್ಯಾಯಾಲಯದಲ್ಲಿ ನಷ್ಟವೆಂದು ಎಣಿಸತಕ್ಕದ್ದಲ್ಲವೆಂದು ಅಲ್ಲಿಯ ನ್ಯಾಯಾಧೀಶರು ತೀರ್ಮಾನಿಸಿದರು. ಕಾಲು ಮುರಿದರೆ ಪರಿಹಾರವುಂಟು, ಪ್ರಾಣ ಹೋದರೆ ಇಲ್ಲ ಎಂಬ ಈ ವಿಚಿತ್ರ ನ್ಯಾಯವನ್ನು ಅಲ್ಲಿ ೧೮೪೬ರ ಶಾಸನವು ತೊಡೆದುಹಾಕಿತು. ಹಿಂದೂಸ್ಥಾನದಲ್ಲಿ ೧೮೫೫ರ ಮಾರಕ ಅಪಘಾತಗಳ ಕಾಯಿದೆಯು ಅದನ್ನು ಅನುಸರಿಸಿತು. ೧೯೩೯ರ ಮೋಟಾರು ವಾಹನಗಳ ಕಾಯಿದೆಯ ವಿಮಾ ಪ್ರಕರಣವು ೧೯೪೬ರ ಜುಲೈ ೧ರಿಂದ ಜಾರಿಗೆ ಬಂದಿತು. ಅಂದಿನಿಂದ, ಅನ್ಯರಿಗೆ ಆಗಬಹುದಾದ ಹಾನಿಗೆ ವಿಮೆ ಇಳಿಸದೆ ವಾಹನವನ್ನು ರಸ್ತೆಗಿಳಿಸುವುದು ಅಪರಾಧವಾಯಿತು. ಬಡವರು ಸಿವಿಲ್ ದಾವೆಯ ಶುಲ್ಕವನ್ನು ಭರಿಸಲಾರರೆಂದು ೧೯೫೬ರ ತಿದ್ದುಪಡಿಯು ಪ್ರತ್ಯೇಕ ಪರಿಹಾರ ನ್ಯಾಯಮಂಡಲಿಗಳಿಗೆ ದಾರಿಮಾಡಿತು. ಇಂದು ನಡೆಯುತ್ತಿರುವುದು ೧೯೮೮ರ ಕಾಯಿದೆ ಮತ್ತು ಅದಕ್ಕೆ ೨೦೧೯ರಲ್ಲಿ ಆದ ತಿದ್ದುಪಡಿ. ಒಂದೂವರೆ ಶತಮಾನಕ್ಕೂ ಮೀರಿದ ಪ್ರಯತ್ನದಿಂದ ದೊರೆತ ಈ ಹಕ್ಕನ್ನು ನಮ್ಮ ರೈತಾಪಿ ಕುಟುಂಬಗಳು ಅರಿಯದೆ ಕೈಬಿಡುತ್ತಿರುವುದು ವಿಷಾದಕರ.

ಕಾನೂನು ಮೂರು ದಾರಿಗಳನ್ನು ತೋರಿಸಿದೆ. ಎದುರು ವಾಹನದವನ ತಪ್ಪನ್ನು ತೋರಿಸಿ ಪೂರ್ಣ ಪರಿಹಾರವನ್ನು ಕೇಳುವುದು ೧೬೬ನೆಯ ಕಲಮಿನ ದಾರಿ. ತಪ್ಪು ಯಾರದೆಂಬ ವಿಚಾರಕ್ಕೆ ಹೋಗದೆ ಮರಣಕ್ಕೆ ಐದು ಲಕ್ಷ ರೂಪಾಯಿ ಪಡೆಯುವುದು ೧೬೪ನೆಯ ಕಲಮಿನ ದಾರಿ. ಡಿಕ್ಕಿ ಹೊಡೆದು ಓಡಿಹೋದ ವಾಹನವು ಪತ್ತೆಯಾಗದಿದ್ದಲ್ಲಿ ೧೬೧ನೆಯ ಕಲಮಿನಂತೆ ಎರಡು ಲಕ್ಷ ರೂಪಾಯಿ ದೊರೆಯುವುದು. ಇಲ್ಲಿ ಒಂದು ಎಚ್ಚರಿಕೆ ಅವಶ್ಯಕ. ವಿಮಾ ಕಂಪೆನಿಯ ಮುಖಾಂತರ ೧೬೪ನೆಯ ಕಲಮಿನ ಐದು ಲಕ್ಷವನ್ನು ಒಪ್ಪಿ ಸ್ವೀಕರಿಸಿದರೆ ನ್ಯಾಯಮಂಡಲಿಯ ಮುಂದಿನ ಪೂರ್ಣ ಪರಿಹಾರದ ಅರ್ಜಿಯು ಬಿದ್ದುಹೋಗುತ್ತದೆ. ತಪ್ಪು ಸ್ಪಷ್ಟವಾಗಿ ಎದುರು ವಾಹನದವನದಾಗಿದ್ದರೆ ಇದು ಬಹು ದೊಡ್ಡ ನಷ್ಟವಾಗಬಲ್ಲದು.

ಎಷ್ಟು ದೊಡ್ಡ ನಷ್ಟವೆಂಬುದನ್ನು ಲೆಕ್ಕದಿಂದಲೇ ತಿಳಿಯಬಹುದು. ಸುಪ್ರೀಂ ಕೋರ್ಟು ೨೦೦೯ರ ಸರಳಾ ವರ್ಮಾ ತೀರ್ಪಿನಲ್ಲಿಯೂ ೨೦೧೭ರ ಪ್ರಣಯ್ ಸೇಠಿ ತೀರ್ಪಿನಲ್ಲಿಯೂ ಪರಿಹಾರವನ್ನು ಗುಣಿಸುವ ಕ್ರಮವನ್ನು ನಿಶ್ಚಯಿಸಿದೆ. ಉದಾಹರಣೆಗೆ, ೨೮ ವರ್ಷ ವಯಸ್ಸಿನ, ಸ್ವಂತ ಕಸುಬಿನಿಂದ ತಿಂಗಳಿಗೆ ೧೫,೦೦೦ ರೂಪಾಯಿ ಸಂಪಾದಿಸುತ್ತಿದ್ದ, ಹೆಂಡತಿ, ಒಂದು ಮಗು, ತಂದೆ, ತಾಯಿ ಈ ನಾಲ್ವರನ್ನು ಸಾಕುತ್ತಿದ್ದ ಒಬ್ಬನನ್ನು ಕಲ್ಪಿಸಿಕೊಳ್ಳೋಣ. ಮುಂದೆ ಏರಬಹುದಾಗಿದ್ದ ಆದಾಯಕ್ಕಾಗಿ ನೂರಕ್ಕೆ ೪೦ ಕೂಡಿಸಿದರೆ ೨೧,೦೦೦ ಆಯಿತು. ಅವನ ಸ್ವಂತ ವೆಚ್ಚಕ್ಕೆಂದು ಕಾಲುಭಾಗ ಕಳೆದರೆ ೧೫,೭೫೦ ಉಳಿಯಿತು. ವರ್ಷಕ್ಕೆ ೧,೮೯,೦೦೦, ಅವನ ವಯಸ್ಸಿಗೆ ಗೊತ್ತುಮಾಡಿರುವ ೧೭ರಿಂದ ಗುಣಿಸಿದರೆ ೩೨,೧೩,೦೦೦ ರೂಪಾಯಿ. ಉತ್ತರಕ್ರಿಯೆಯ ವೆಚ್ಚ, ಸಾಂಗತ್ಯದ ನಷ್ಟ ಮೊದಲಾದುವು ಇದಕ್ಕೆ ಬೇರೆಯಾಗಿ ಸೇರುವುವು. ಈಗ ಇದೇ ಮನೆಯವರು ಆದಾಯಕ್ಕೆ ಯಾವ ಆಧಾರವನ್ನೂ ತೋರಿಸಲಾರದೆ, ನ್ಯಾಯಮಂಡಲಿಯು ತಿಂಗಳಿಗೆ ೧೦,೦೦೦ವೆಂದು ಎಣಿಸಿತೆನ್ನೋಣ. ಮೊತ್ತವು ೨೧,೪೨,೦೦೦ಕ್ಕೆ ಇಳಿಯುವುದು. ಬ್ಯಾಂಕಿನ ಪುಸ್ತಕವೋ ಮಾಲೀಕನ ಪತ್ರವೋ ಹಾಲಿನ ಸಂಘದ ಲೆಕ್ಕವೋ ಕಬ್ಬು ಸಾಗಿಸಿದ ಚೀಟಿಯೋ ಇಲ್ಲದ ಕಾರಣಕ್ಕೆ ಒಂದು ಸಂಸಾರವು ಹತ್ತು ಲಕ್ಷಕ್ಕೂ ಮಿಕ್ಕಿ ಕಳೆದುಕೊಂಡಂತಾಯಿತು. ಆಧಾರವೇ ಇಲ್ಲದಿದ್ದಾಗ ರಾಜ್ಯ ಕಾನೂನು ಸೇವೆಗಳ ಪ್ರಾಧಿಕಾರದ ಅಂದಾಜು ಪಟ್ಟಿಯನ್ನು ನಮ್ಮ ಹೈಕೋರ್ಟು ಅನುಸರಿಸುವುದುಂಟು. ಆದರೆ ಅಂದಾಜು ಎಂದಿಗೂ ಅಂದಾಜೇ.

ಹೀಗಿರಲು, ಊರಿನ ಹಿರಿಯರ ಮುಂದೆ ಲಾರಿಯ ಮಾಲೀಕನಿಂದ ಒಂದೆರಡು ಲಕ್ಷ ಕೊಡಿಸಿ ಪೊಲೀಸು ದೂರನ್ನೇ ಇಲ್ಲದಂತೆ ಮಾಡುವ ರಾಜಿಗಳನ್ನು ಏನೆನ್ನಬೇಕು? ಮಣ್ಣು ಮಾಡಿದ ಮೂರನೆಯ ದಿನ, ದುಃಖದಲ್ಲಿ ಮುಳುಗಿದವರ ಕೈಯಿಂದ ಹೆಬ್ಬೆಟ್ಟು ಒತ್ತಿಸುವ ಹಿರಿಯರು ಅದನ್ನು ಉಪಕಾರವೆಂದೇ ಭಾವಿಸಿರಬಹುದು. ದೂರಿಲ್ಲದೆ, ಶವಪರೀಕ್ಷೆಯ ವರದಿಯಿಲ್ಲದೆ, ವಾಹನದ ಸಂಖ್ಯೆಯ ದಾಖಲೆಯಿಲ್ಲದೆ ಪರಿಹಾರದ ಅರ್ಜಿಗೆ ನೆಲೆಯೇ ಇರುವುದಿಲ್ಲ. ವಿಮೆಯಿರುವ ವಾಹನದ ಮಾಲೀಕನಿಗೂ ಈ ರಾಜಿಯಿಂದ ಲಾಭವಿಲ್ಲ. ಕಂಪೆನಿಯು ಕೊಡಬೇಕಾದುದನ್ನು ಅವನು ತನ್ನ ಕೈಯಿಂದ ಕೊಡುತ್ತಾನೆ. ಲಾಭವಾಗುವುದು ಕಂಪೆನಿಗೆ ಮಾತ್ರ.

ಎರಡನೆಯ ಅಪಾಯವು ಕಾಲಮಿತಿ. ಅಪಘಾತವಾದ ಆರು ತಿಂಗಳೊಳಗೆ ಅರ್ಜಿ ಸಲ್ಲಿಸಬೇಕೆಂಬ ನಿಯಮವನ್ನು ಪಾರ್ಲಿಮೆಂಟು ೧೯೯೪ರಲ್ಲಿ ಕಿತ್ತುಹಾಕಿತ್ತು; ೨೦೧೯ರ ತಿದ್ದುಪಡಿಯು ಅದನ್ನು ಮರಳಿ ತಂದು, ೨೦೨೨ರ ಏಪ್ರಿಲ್ ೧ರಿಂದ ಜಾರಿಗೊಳಿಸಿತು. ಈ ಮಿತಿಯನ್ನು ಪ್ರಶ್ನಿಸಿದ ಅರ್ಜಿಗಳ ವಿಚಾರಣೆಯಲ್ಲಿ ಸುಪ್ರೀಂ ಕೋರ್ಟು ೨೦೨೫ರ ನವೆಂಬರಿನಲ್ಲಿ, ಅವಧಿ ಮೀರಿತೆಂಬ ಒಂದೇ ಕಾರಣದಿಂದ ಪರಿಹಾರದ ಅರ್ಜಿಗಳನ್ನು ತಳ್ಳಿಹಾಕಕೂಡದೆಂದು ಮಧ್ಯಂತರ ಆಜ್ಞೆಯನ್ನಿತ್ತಿತು. ಆದರೂ ಮಧ್ಯಂತರ ಆಜ್ಞೆಯನ್ನು ನಂಬಿ ಕೈಕಟ್ಟಿ ಕುಳಿತುಕೊಳ್ಳುವುದು ವಿವೇಕವಲ್ಲ. ವರ್ಷದ ತಿಥಿ ಮುಗಿಯಲಿ, ಆಮೇಲೆ ವಕೀಲರನ್ನು ಕಾಣೋಣವೆನ್ನುವ ನಮ್ಮ ಜನರ ವಾಡಿಕೆಗೆ ಈ ಕಾನೂನು ಕಾಯುವುದಿಲ್ಲ.

ಮೂರನೆಯದು, ಬಂಧುವಿನದೋ ಸ್ನೇಹಿತನದೋ ಗಾಡಿಯನ್ನು ಕೇಳಿ ತೆಗೆದುಕೊಂಡು ಹೋಗುವ ಅಭ್ಯಾಸ. ನಮ್ಮ ನಾಡಿನದೇ ಒಂದು ಮೊಕದ್ದಮೆಯು ಈ ವಿಷಯದಲ್ಲಿ ದೇಶಕ್ಕೆಲ್ಲ ದೃಷ್ಟಾಂತವಾಗಿ ನಿಂತಿದೆ. ಎರವಲು ಪಡೆದ ಮೋಟಾರ್ ಸೈಕಲ್ಲಿನಲ್ಲಿ ಇಳಕಲ್ಲಿನಿಂದ ಗುಡೂರಿಗೆ ಹೋಗುತ್ತಿದ್ದವನೊಬ್ಬನು, ಮುಂದೆ ಕಬ್ಬಿಣದ ತಗಡು ಹೇರಿಕೊಂಡು ಸಾಗುತ್ತಿದ್ದ ಎತ್ತಿನಗಾಡಿಯು ತಟ್ಟನೆ ನಿಂತುದರಿಂದ ಅದಕ್ಕೆ ಬಡಿದು ಮಡಿದನು. ಎರವಲು ಪಡೆದವನು ಮಾಲೀಕನ ಸ್ಥಾನದಲ್ಲಿಯೇ ನಿಲ್ಲುತ್ತಾನೆ, ಆದುದರಿಂದ ತಪ್ಪಿನ ವಿಚಾರಣೆಯಿಲ್ಲದ ಪರಿಹಾರವನ್ನು ಆ ವಾಹನದ ವಿಮೆಯಿಂದ ಅವನ ವಾರಸುದಾರರು ಕೇಳುವಂತಿಲ್ಲವೆಂದು ಸುಪ್ರೀಂ ಕೋರ್ಟು ೨೦೦೯ರಲ್ಲಿ ತೀರ್ಮಾನಿಸಿತು. ಆದರೆ ಬೇರೆ ಕಲಮಿನಂತೆ ನ್ಯಾಯವಾದ ಪರಿಹಾರ ದೊರೆಯಬಹುದೇ ಎಂಬುದನ್ನು ನೋಡಬೇಕೆಂದು ಮೊಕದ್ದಮೆಯನ್ನು ಹೈಕೋರ್ಟಿಗೆ ಮರಳಿಸಿತು. ಆರಂಭದಲ್ಲಿಯೇ ಯೋಗ್ಯ ಕಲಮನ್ನು ಆರಿಸಿಕೊಳ್ಳುವುದು ಎಷ್ಟು ಮುಖ್ಯವೆಂಬುದು ಇದರಿಂದ ವಿಶದವಾಗುವುದು.

ಸ್ವಂತ ಗಾಡಿಯನ್ನೇ ನಡೆಸುತ್ತಿದ್ದವನ ಮನೆಯವರು ಮರೆಯುವ ಇನ್ನೊಂದು ಸಂಗತಿಯುಂಟು. ಮಾಲೀಕನೇ ಚಾಲಕನಾಗಿ ಮಡಿದಾಗ ಅವನ ವಾರಸುದಾರರಿಗೆ ಹದಿನೈದು ಲಕ್ಷ ರೂಪಾಯಿ ದೊರೆಯುವಂಥ ವೈಯಕ್ತಿಕ ಅಪಘಾತ ವಿಮೆಯನ್ನು ವಿಮಾ ನಿಯಂತ್ರಣ ಪ್ರಾಧಿಕಾರವು ೨೦೧೮ರಲ್ಲಿ ವಿಧಿಸಿತು. ಇದಕ್ಕೆ ಎದುರು ವಾಹನದವನ ತಪ್ಪನ್ನು ತೋರಿಸಬೇಕಾಗಿಲ್ಲ. ಚಾಲನಾ ಪರವಾನಗಿ ಸಿಂಧುವಾಗಿರಬೇಕು, ವಿಮೆ ಜಾರಿಯಲ್ಲಿರಬೇಕು. ಗಾಡಿಯ ಪೆಟ್ಟಿಗೆಯಲ್ಲಿಯೋ ಬೀರುವಿನಲ್ಲಿಯೋ ಇರುವ ಆ ವಿಮಾ ಪತ್ರವನ್ನು ತೆರೆದು ನೋಡಬೇಕು.

ಅಪವಾದಗಳಿಗೆ ಹೆದರಿಯೂ ಜನರು ಹಿಂಜರಿಯುವುದುಂಟು. ಗಾಡಿಯ ಮೇಲೆ ಮೂವರಿದ್ದರು, ಆದುದರಿಂದ ಏನೂ ಬರುವುದಿಲ್ಲವೆಂದು ಯಾರೋ ಹೇಳಿರುತ್ತಾರೆ. ಮೂವರು ಸವಾರಿ ಮಾಡುವುದು ನಿಯಮೋಲ್ಲಂಘನೆಯೇ ಸರಿ; ಆದರೆ ಅಪಘಾತಕ್ಕೆ ಅದು ಕಾರಣವಾಯಿತೆಂದು ತೋರಿಸದೆ, ಅದೊಂದರಿಂದಲೇ ಮೃತನ ಮೇಲೆ ತಪ್ಪಿನ ಪಾಲನ್ನು ಹೊರಿಸಕೂಡದೆಂದು ಸುಪ್ರೀಂ ಕೋರ್ಟು ೨೦೨೦ರಲ್ಲಿ ಹೇಳಿದೆ. ಅಪರಾಧದ ಮೊಕದ್ದಮೆಯಲ್ಲಿ ಬೇಕಾಗುವಷ್ಟು ನಿಸ್ಸಂದೇಹವಾದ ಸಾಕ್ಷ್ಯವೂ ಇಲ್ಲಿ ಬೇಕಾಗಿಲ್ಲ. ಸಂಭವನೀಯತೆಯ ತೂಕವು ಅರ್ಜಿದಾರರ ಕಡೆಗಿದ್ದರೆ ಸಾಕು.

ಇನ್ನು ಅಧಿಕಾರಿಗಳ ಕರ್ತವ್ಯವನ್ನು ಕುರಿತು ಎರಡು ಮಾತು. ೨೦೨೨ರ ನಿಯಮಗಳಂತೆ ತನಿಖೆಯ ಪೊಲೀಸು ಅಧಿಕಾರಿಯು ಅಪಘಾತದ ಪ್ರಥಮ ವರದಿಯನ್ನು ೪೮ ಗಂಟೆಗಳೊಳಗೂ ಸವಿಸ್ತಾರವಾದ ವರದಿಯನ್ನು ೯೦ ದಿನಗಳೊಳಗೂ ನ್ಯಾಯಮಂಡಲಿಗೆ ಕಳುಹಿಸತಕ್ಕದ್ದು. ಈ ವರದಿಯನ್ನೇ ಪರಿಹಾರದ ಅರ್ಜಿಯೆಂದು ನ್ಯಾಯಮಂಡಲಿಯು ಎಣಿಸಬೇಕೆಂದು ಕಾಯಿದೆಯಲ್ಲಿಯೇ ಇದೆ. ಈ ನಿಯಮಗಳನ್ನು ಎಲ್ಲ ರಾಜ್ಯಗಳೂ ಪಾಲಿಸಬೇಕೆಂದು ಸುಪ್ರೀಂ ಕೋರ್ಟು ೨೦೨೨ರ ಡಿಸೆಂಬರ್ ೧೫ರಂದು ಆಜ್ಞಾಪಿಸಿತು. ಎಂದರೆ, ಬಡ ವಿಧವೆಯು ನ್ಯಾಯಾಲಯವನ್ನು ಹುಡುಕಿಕೊಂಡು ಹೋಗುವುದಕ್ಕೆ ಮುಂಚೆ ರಾಜ್ಯವೇ ಅವಳ ಪರವಾಗಿ ಬಾಗಿಲು ತಟ್ಟಬೇಕೆಂಬುದು ಶಾಸನದ ಆಶಯ. ಠಾಣೆಯಲ್ಲಿ ಆ ನಮೂನೆಗಳು ಸಕಾಲದಲ್ಲಿ ತುಂಬಲ್ಪಟ್ಟರೆ ಮಾತ್ರ ಈ ಆಶಯವು ಸಫಲವಾಗುವುದು.

ಓಡಿಹೋದ ವಾಹನಗಳ ವಿಷಯದಲ್ಲಂತೂ ಸ್ಥಿತಿಯು ನಾಚಿಕೆಗೇಡು. ೨೦೨೨ರಲ್ಲಿ ದೇಶದಲ್ಲಿ ಇಂಥ ೬೭,೩೮೭ ಅಪಘಾತಗಳು ನಡೆದುವು. ೨೦೨೨–೨೩ನೆಯ ಸಾಲಿನಲ್ಲಿ ಪರಿಹಾರಕ್ಕೆ ಬಂದ ಅರ್ಜಿಗಳು ೨೦೫, ಇತ್ಯರ್ಥವಾದುವು ೯೫. ಈ ಅಂಕಿಗಳನ್ನು ಕಂಡ ಸುಪ್ರೀಂ ಕೋರ್ಟು, ವಾಹನವು ಪತ್ತೆಯಾಗದಿದ್ದಲ್ಲಿ ಪೊಲೀಸರೇ ನೊಂದವರಿಗೆ ಈ ಪರಿಹಾರದ ವಿಷಯವನ್ನು ಬರೆದು ತಿಳಿಸಬೇಕೆಂದು ೨೦೨೪ರ ಜನವರಿಯಲ್ಲಿ ಆದೇಶಿಸಿತು. ಈ ಅರ್ಜಿಗಳನ್ನು ವಿಚಾರಿಸತಕ್ಕವರು ಕಂದಾಯ ಇಲಾಖೆಯ ಉಪವಿಭಾಗಾಧಿಕಾರಿಗಳು ಅಥವಾ ತಹಶೀಲ್ದಾರರು. ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ ಈ ನಾಲ್ಕು ತಾಲ್ಲೂಕುಗಳು ಪಾಂಡವಪುರದ ಉಪವಿಭಾಗಕ್ಕೆ ಸೇರಿವೆ. ಹೊಲದ ಪಹಣಿಗಾಗಿ ಜನರು ದಿನವೂ ಹತ್ತುವ ಕಚೇರಿಯ ಮೆಟ್ಟಿಲನ್ನೇ ಇದಕ್ಕಾಗಿಯೂ ಹತ್ತಬೇಕಾದುದು. ದೂರದ ರಾಜಧಾನಿಯ ಮಾತಲ್ಲ.

ಪರಿಹಾರದ ಹೆಸರಿನಲ್ಲಿ ಸುಳ್ಳು ಅರ್ಜಿಗಳೂ ಬರುವುದುಂಟು, ಬೇರೆ ವಾಹನವನ್ನು ತಂದು ನಿಲ್ಲಿಸುವವರುಂಟು, ಬಂದ ಹಣದಲ್ಲಿ ಪಾಲು ಕೇಳುವ ಮಧ್ಯವರ್ತಿಗಳೂ ಉಂಟೆಂದು ಕೆಲವರು ಆಕ್ಷೇಪಿಸಬಹುದು. ಇದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಇದಕ್ಕೆ ಮದ್ದು ಸಕಾಲದ ತನಿಖೆಯೇ ಹೊರತು ನಿಜವಾಗಿ ನೊಂದವರ ಬಾಗಿಲನ್ನು ಮುಚ್ಚುವುದಲ್ಲ. ಮಧ್ಯವರ್ತಿಯು ಬೆಳೆಯುವುದು ತಿಳಿವಳಿಕೆಯಿಲ್ಲದ ನೆಲದಲ್ಲಿ. ೧೯೮೭ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯಿದೆಯಂತೆ ಯಾವ ಹೆಂಗಸಿಗೇ ಆಗಲಿ, ಅವಳ ಆದಾಯವೆಷ್ಟೇ ಇರಲಿ, ಉಚಿತವಾಗಿ ವಕೀಲರ ಸಹಾಯವನ್ನು ಪಡೆಯುವ ಹಕ್ಕಿದೆ. ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ಒಂದು ಅರ್ಜಿ ಕೊಟ್ಟರಾಯಿತು. ಬಂದ ಹಣವನ್ನು ಬಂಧುಗಳು ಕರಗಿಸದಂತೆ ಅಪ್ರಾಪ್ತ ಮಕ್ಕಳ ಪಾಲನ್ನು ಬ್ಯಾಂಕಿನಲ್ಲಿ ಠೇವಣಿಯಿಡುವ ಕ್ರಮವನ್ನೂ ಸುಪ್ರೀಂ ಕೋರ್ಟು ಹಿಂದೆಯೇ ಹೇಳಿಕೊಟ್ಟಿದೆ.

ಆದುದರಿಂದ ಪಟ್ಟಣದ ವಿದ್ಯಾವಂತರಲ್ಲಿ ನಮ್ಮ ವಿಜ್ಞಾಪನೆಯಿಷ್ಟೆ. ಸಾವಿನ ಮನೆಗೆ ಹೋದಾಗ ಸಂತಾಪದ ಮಾತಿನೊಡನೆ ನಾಲ್ಕು ಪ್ರಶ್ನೆಗಳನ್ನೂ ಕೇಳಿರಿ: ದೂರು ದಾಖಲಾಯಿತೇ? ಎದುರು ವಾಹನದ ಸಂಖ್ಯೆ ಮತ್ತು ವಿಮೆಯ ವಿವರ ದೊರೆಯಿತೇ? ಮೃತನ ವಯಸ್ಸಿಗೂ ಸಂಪಾದನೆಗೂ ಆಧಾರಪತ್ರಗಳಿವೆಯೇ? ಆರು ತಿಂಗಳು ಮುಗಿಯುವ ದಿನ ಯಾವುದು? ಉಪಾಧ್ಯಾಯರು, ಗ್ರಾಮ ಆಡಳಿತಾಧಿಕಾರಿಗಳು, ಸಹಕಾರ ಸಂಘದ ಕಾರ್ಯದರ್ಶಿಗಳು, ಬ್ಯಾಂಕಿನವರು, ಇವರಲ್ಲಿ ಒಬ್ಬರು ಇಷ್ಟನ್ನು ವಿಚಾರಿಸಿದರೂ ಒಂದು ಮನೆಯ ಮಕ್ಕಳ ಓದು ಉಳಿಯಬಹುದು, ಒಂದು ಎಕರೆ ಗದ್ದೆಯು ಮಾರಾಟವಾಗದೆ ಇರಬಹುದು. ಹೆದ್ದಾರಿಗಾಗಿ ನೆಲ ಬಿಟ್ಟುಕೊಟ್ಟ ಹಳ್ಳಿಗಳು ಇವು. ಅದೇ ರಸ್ತೆಯಲ್ಲಿ ಅವರ ಮಕ್ಕಳ ಪ್ರಾಣವೂ ಹೋದಾಗ, ಕಾನೂನು ಸಲ್ಲಿಸಬೇಕೆಂದು ಹೇಳಿರುವುದನ್ನು ಕಾಲಕ್ಕೆ ಸರಿಯಾಗಿ ಸಲ್ಲಿಸುವುದು ಸ್ವತಂತ್ರ ರಾಷ್ಟ್ರದ ಅಧಿಕಾರಿಗಳಿಗೂ ನಾಗರಿಕರಿಗೂ ಸಮಾನವಾದ ಕರ್ತವ್ಯವಾಗಿದೆ.