ಬೈಕಿಗೆ ಮನೆಯಲ್ಲೇ ಮಾಡಿದ ಪೆಟ್ಟಿಗೆ: ಅನುಕೂಲವೆಷ್ಟು, ಅಪಾಯವೆಷ್ಟು?

ಬೆಳಿಗ್ಗೆ ಎಂಟೂವರೆಗೆ ಮನೆಯಿಂದ ಹೊರಡುವ ನಗರದ ನೌಕರನ ಬೆನ್ನ ಮೇಲೆ ಏನೇನಿರುತ್ತದೆ? ಲ್ಯಾಪ್‌ಟಾಪ್, ಊಟದ ಡಬ್ಬಿ, ನೀರಿನ ಬಾಟಲಿ, ಮಳೆಯಂಗಿ, ಒಂದಿಷ್ಟು ಕಡತ. ಸಂಜೆ ಮರಳುವಾಗ ಇದಕ್ಕೆ ಎರಡು ಕಿಲೋ ತರಕಾರಿ ಸೇರುತ್ತದೆ. ಒಟ್ಟು ಭಾರ ಏಳೆಂಟು ಕಿಲೋ. ದಿನಕ್ಕೆರಡು ಗಂಟೆ ವಾಹನ ದಟ್ಟಣೆಯಲ್ಲಿ ತೆವಳುವ ಸವಾರನ ಭುಜ ಮತ್ತು ಸೊಂಟ ಈ ಭಾರವನ್ನು ಹೊರಬೇಕು. ಮಳೆ ಬಂದರೆ ಚೀಲವೂ ನೆನೆಯುತ್ತದೆ, ಒಳಗಿನ ವಸ್ತುಗಳೂ ನೆನೆಯುತ್ತವೆ.

ಈ ತೊಂದರೆಗೆ ಬೈಕಿಗೇ ಬೀಗ ಹಾಕಬಹುದಾದ ಗಟ್ಟಿ ಪೆಟ್ಟಿಗೆಯನ್ನು ಜೋಡಿಸುವುದು ಹಳೆಯ ಪರಿಹಾರ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ 1996ರವರೆಗೆ ಹೊರಬಂದ ಜಾವಾ ಮತ್ತು ಯೆಜ್ಡಿ ಬೈಕುಗಳ ಪಕ್ಕದಲ್ಲಿ ಇದ್ದ ಪುಟ್ಟ ಲೋಹದ ಪೆಟ್ಟಿಗೆಗಳು ಹಿರಿಯ ಸವಾರರಿಗೆ ಇಂದಿಗೂ ನೆನಪಿವೆ. ಇಟಲಿಯ ಮೋಟಾರ್‌ಸೈಕಲ್ ರೇಸ್ ಪಟು ಜೂಸೆಪ್ಪೆ ವಿಸೆಂಜಿ 1978ರಲ್ಲಿ ಸ್ಥಾಪಿಸಿದ ಜೀವಿ ಸಂಸ್ಥೆ ಇಂಥ ಪೆಟ್ಟಿಗೆಗಳನ್ನೇ ಜಗತ್ತಿನಾದ್ಯಂತ ಮಾರುತ್ತಿದೆ. ಆದರೆ ಒಳ್ಳೆಯ ಕಂಪನಿಯ ಪೆಟ್ಟಿಗೆ, ಅದಕ್ಕೆ ಬೇಕಾದ ಚೌಕಟ್ಟು ಎರಡೂ ಸೇರಿದರೆ ಸಾಮಾನ್ಯ ನೌಕರನ ಜೇಬಿಗೆ ಭಾರವೇ. ಹೀಗಾಗಿ ಪಕ್ಕದ ವೆಲ್ಡಿಂಗ್ ಅಂಗಡಿಯಲ್ಲಿ ಪೆಟ್ಟಿಗೆ ಮಾಡಿಸಿಕೊಳ್ಳುವವರು, ಮನೆಯಲ್ಲೇ ಕೂಡಿಸಿಕೊಳ್ಳುವವರು ಎಲ್ಲ ಊರುಗಳಲ್ಲೂ ಇದ್ದಾರೆ.

ಪೆಟ್ಟಿಗೆ ಮಾಡುವುದು ಕಷ್ಟದ ಕೆಲಸವಲ್ಲ. ಅದನ್ನು ಸವಾರನಿಗೂ ಹಿಂದೆ ಬರುವವರಿಗೂ ಅಪಾಯವಾಗದಂತೆ ಕೂರಿಸುವುದೇ ನಿಜವಾದ ಕೆಲಸ. ಅರವತ್ತು ಕಿಲೋಮೀಟರ್ ವೇಗದಲ್ಲಿ ಕಳಚಿ ಬೀಳುವ ಪೆಟ್ಟಿಗೆ ಹಿಂದಿನ ಸ್ಕೂಟರಿನ ಮುಂಚಕ್ರಕ್ಕೆ ಸಿಕ್ಕರೆ ಆಗುವ ಅನಾಹುತವನ್ನು ಊಹಿಸುವುದು ಕಷ್ಟವೇನಲ್ಲ.

ಕಾನೂನು ಏನೆನ್ನುತ್ತದೆ?

ಮೊದಲು ಕಾನೂನಿನ ವಿಚಾರ. 2020ರ ಜುಲೈ ತಿಂಗಳಲ್ಲಿ ಕೇಂದ್ರ ರಸ್ತೆ ಸಾರಿಗೆ ಮತ್ತು ಹೆದ್ದಾರಿ ಸಚಿವಾಲಯವು ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ತಿದ್ದುಪಡಿ ತಂದು ದ್ವಿಚಕ್ರ ವಾಹನದ ಹಗುರ ಪೆಟ್ಟಿಗೆಗೆ ಅಳತೆಯನ್ನು ಗೊತ್ತುಪಡಿಸಿತು. ಅದರಂತೆ ಪೆಟ್ಟಿಗೆಯ ಉದ್ದ 550 ಮಿ.ಮೀ., ಅಗಲ 510 ಮಿ.ಮೀ., ಎತ್ತರ 500 ಮಿ.ಮೀ. ಮೀರುವಂತಿಲ್ಲ. ಹಿಂಬದಿ ಸವಾರ ಕೂರುವ ಜಾಗದಲ್ಲೇ ಪೆಟ್ಟಿಗೆಯನ್ನಿಟ್ಟರೆ ಚಾಲಕನೊಬ್ಬನೇ ಪ್ರಯಾಣಿಸಬೇಕು. ಆ ಜಾಗದ ಹಿಂದೆ ಜೋಡಿಸಿದ್ದರೆ ಮಾತ್ರ ಹಿಂಬದಿ ಸವಾರನಿಗೆ ಅವಕಾಶವುಂಟು.

ಇದೇ ನಿಯಮಾವಳಿಯ 123ನೇ ನಿಯಮದ ಮತ್ತೊಂದು ಭಾಗ ಪೆಟ್ಟಿಗೆ ಕೂರಿಸುವವರ ಕಣ್ಣಿಗೆ ಸಾಮಾನ್ಯವಾಗಿ ಬೀಳುವುದಿಲ್ಲ. ಹಿಂಬದಿ ಸವಾರನಿಗೆ ಹಿಡಿಕೆ, ಕಾಲಿಡಲು ಪಾದದಾನ ಹಾಗೂ ಬಟ್ಟೆ ಚಕ್ರಕ್ಕೆ ಸಿಕ್ಕಿಕೊಳ್ಳದಂತೆ ಹಿಂಚಕ್ರದ ಅರ್ಧಭಾಗವನ್ನಾದರೂ ಮುಚ್ಚುವ ರಕ್ಷಣೆ ಇರಬೇಕೆಂದು ಅದು ಹೇಳುತ್ತದೆ. ನಮ್ಮ ಆಡುಮಾತಿನ ಸೀರೆ ಗಾರ್ಡ್ ಇದೇ. ಎಡಬದಿಗೆ ಪೆಟ್ಟಿಗೆ ಕೂರಿಸಲು ಜಾಗ ಸಾಲದೆಂದು ಕೆಲವು ಗ್ಯಾರೇಜುಗಳಲ್ಲಿ ಮೊದಲು ಬಿಚ್ಚಿ ಬಿಸಾಡುವುದು ಇದನ್ನೇ. ಸೀರೆಯ ಸೆರಗು, ದುಪಟ್ಟಾ ಚಕ್ರಕ್ಕೆ ಸಿಲುಕಿ ಆಗುವ ಅವಘಡಗಳನ್ನು ಬಲ್ಲವರು ಈ ತಪ್ಪನ್ನು ಮಾಡಲಾರರು.

ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ, ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕರು ಮೂಲದಲ್ಲಿ ನಮೂದಿಸಿದ ವಿವರಗಳಿಗಿಂತ ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. 2019ರ ತಿದ್ದುಪಡಿಯಲ್ಲಿ ಸೇರಿದ 182ಎ ಕಲಮು ಅನುಮತಿಯಿಲ್ಲದ ಪ್ರತಿಯೊಂದು ಮಾರ್ಪಾಟಿಗೆ ಐದು ಸಾವಿರ ರೂಪಾಯಿ ದಂಡ, ಆರು ತಿಂಗಳವರೆಗಿನ ಸೆರೆವಾಸ ಅಥವಾ ಎರಡನ್ನೂ ವಿಧಿಸಲು ಅವಕಾಶ ನೀಡುತ್ತದೆ. ಆದುದರಿಂದ ಬೈಕಿನ ಮೂಲ ಚೌಕಟ್ಟನ್ನು ಕತ್ತರಿಸುವುದು, ಕೊರೆಯುವುದು, ಅದಕ್ಕೆ ವೆಲ್ಡ್ ಮಾಡುವುದು ಸಲ್ಲದು. ಈಗಾಗಲೇ ಇರುವ ಬೋಲ್ಟ್ ಜಾಗಗಳಿಗೆ ಹೊಂದಿಸಿ, ಬೇಕೆಂದಾಗ ಬಿಚ್ಚಿ ತೆಗೆಯಬಹುದಾದ ಚೌಕಟ್ಟೇ ಕ್ಷೇಮ. ಅನುಮಾನವಿದ್ದಲ್ಲಿ, ಅದರಲ್ಲೂ ಎರಡೂ ಪಕ್ಕಕ್ಕೆ ಪೆಟ್ಟಿಗೆ ಕೂರಿಸುವ ಯೋಚನೆಯಿದ್ದಲ್ಲಿ, ಸಾರಿಗೆ ಕಚೇರಿಯಲ್ಲಿ ಮೊದಲೇ ವಿಚಾರಿಸುವುದು ಒಳಿತು. ವಿಮಾ ಕಂಪನಿಗೂ ತಿಳಿಸಿದರೆ ಮುಂದೆ ಪರಿಹಾರ ಕೇಳುವಾಗ ತಕರಾರು ಕಡಿಮೆ.

ಭಾರ ಎಲ್ಲಿ ಕೂರಬೇಕು?

ದ್ವಿಚಕ್ರ ವಾಹನದಲ್ಲಿ ಭಾರ ಎಷ್ಟೆಂಬುದಕ್ಕಿಂತ ಎಲ್ಲಿದೆ ಎಂಬುದು ಮುಖ್ಯ. ಒಂದು ಸರಳ ಲೆಕ್ಕ ನೋಡಿ. ಸಾಮಾನ್ಯ ನೂರು ಸಿಸಿ ಬೈಕಿನಲ್ಲಿ ಎರಡು ಚಕ್ರಗಳ ಅಚ್ಚುಗಳ ನಡುವಿನ ಅಂತರ ಸುಮಾರು 125 ಸೆಂ.ಮೀ. ಹಿಂಚಕ್ರದ ಅಚ್ಚಿನಿಂದ 25 ಸೆಂ.ಮೀ. ಹಿಂದಕ್ಕೆ 10 ಕಿಲೋ ಭಾರವನ್ನಿಟ್ಟರೆ ಹಿಂಚಕ್ರದ ಮೇಲೆ 12 ಕಿಲೋ ಬೀಳುತ್ತದೆ. ಮುಂಚಕ್ರದ ಮೇಲಿನ ಭಾರ 2 ಕಿಲೋ ಕಡಿಮೆಯಾಗುತ್ತದೆ. ತಕ್ಕಡಿಯ ನಿಯಮವೇ ಇದು. ಪೆಟ್ಟಿಗೆ ಇನ್ನಷ್ಟು ಹಿಂದೆ ಸರಿದಷ್ಟೂ, ಭಾರ ಹೆಚ್ಚಿದಷ್ಟೂ ಮುಂಚಕ್ರ ಹಗುರಾಗುತ್ತದೆ. ಹಗುರಾದ ಮುಂಚಕ್ರಕ್ಕೆ ನೆಲದ ಹಿಡಿತ ಕಡಿಮೆ. ವೇಗ ಹೆಚ್ಚಿದಾಗ ಹ್ಯಾಂಡಲ್ ಅದುರುವುದು, ಇಡೀ ವಾಹನ ಹಾವಿನಂತೆ ಓಲಾಡುವುದು ಇದರ ಲಕ್ಷಣ.

ಎತ್ತರಕ್ಕೂ ಇದೇ ಮಾತು ಸಲ್ಲುತ್ತದೆ. ಆಸನದ ಹಿಂದೆ ಎತ್ತರದಲ್ಲಿ ಕೂರುವ ಪೆಟ್ಟಿಗೆ ಕೈಗೆ ಸುಲಭವಾಗಿ ಸಿಗುತ್ತದೆ, ಸಂದಿಗೊಂದಿಗಳಲ್ಲಿ ನುಸುಳಲು ಅಡ್ಡಿಯಾಗುವುದಿಲ್ಲ. ಆದರೆ ಸಿಗ್ನಲ್‌ನಲ್ಲಿ ಕಾಲೂರಿ ನಿಂತಾಗ ವಾಹನ ಒಂದು ಪಕ್ಕಕ್ಕೆ ವಾಲಿದರೆ ಎತ್ತರದ ಭಾರ ಅದನ್ನು ಇನ್ನಷ್ಟು ಎಳೆಯುತ್ತದೆ. ಪಕ್ಕದ ಪೆಟ್ಟಿಗೆಗಳಲ್ಲಿ ಭಾರ ಕೆಳಗಿರುತ್ತದೆ, ಓಟ ಸ್ಥಿರವಾಗಿರುತ್ತದೆ. ಆದರೆ ಅಗಲ ಹೆಚ್ಚುತ್ತದೆ. ಪಕ್ಕದ ಪೆಟ್ಟಿಗೆಗಳ ಒಟ್ಟು ಅಗಲ ಹ್ಯಾಂಡಲಿನ ಅಗಲವನ್ನು ಮೀರಬಾರದೆಂಬುದು ಅನುಭವಿಗಳ ಸೂತ್ರ. ಹ್ಯಾಂಡಲ್ ದಾಟಿದ ಸಂದಿಯಲ್ಲಿ ಹಿಂಭಾಗವೂ ದಾಟುತ್ತದೆಂಬ ಭರವಸೆ ಸವಾರನಿಗೆ ಇರಬೇಕು.

ಪಕ್ಕದ ಗಟ್ಟಿ ಪೆಟ್ಟಿಗೆಯಲ್ಲಿ ಇನ್ನೊಂದು ಅಪಾಯವಿದೆ. ಗುಂಡಿಯ ಬಳಿ ಸವಾರ ಹಠಾತ್ತನೆ ಕಾಲನ್ನು ನೆಲಕ್ಕೆ ಊರಿದಾಗ ವಾಹನ ಇನ್ನೂ ಮುಂದಕ್ಕೆ ಚಲಿಸುತ್ತಿದ್ದರೆ, ಪೆಟ್ಟಿಗೆಯ ಮುಂದಿನ ಅಂಚು ಹಿಂದಿನಿಂದ ಬಂದು ಮೀನಖಂಡಕ್ಕೆ ಬಡಿಯಬಹುದು. ಆದುದರಿಂದ ಪೆಟ್ಟಿಗೆಯನ್ನು ಸವಾರನ ಕಾಲಿನಿಂದ ಸಾಕಷ್ಟು ಹಿಂದಿಡಬೇಕು, ಮೂಲೆಗಳನ್ನೆಲ್ಲ ಉರುಟಾಗಿಸಬೇಕು. ದಿನನಿತ್ಯ ಕಚೇರಿಗೆ ಹೋಗಿಬರುವವರಿಗೆ ಆಸನದ ಹಿಂದಿನ ಒಂದೇ ಸಣ್ಣ ಪೆಟ್ಟಿಗೆ ಸಾಕೆಂಬ ತೀರ್ಮಾನಕ್ಕೆ ಈ ಎಲ್ಲ ಕಾರಣಗಳು ದಾರಿ ಮಾಡುತ್ತವೆ.

ಯಾವ ವಸ್ತು, ಎಷ್ಟು ಭಾರ?

ಲ್ಯಾಪ್‌ಟಾಪ್, ಡಬ್ಬಿ, ಮಳೆಯಂಗಿ ಹಿಡಿಸಲು 42 ಸೆಂ.ಮೀ. ಉದ್ದ, 32 ಸೆಂ.ಮೀ. ಅಗಲ, 20 ಸೆಂ.ಮೀ. ಎತ್ತರದ ಪೆಟ್ಟಿಗೆ ಧಾರಾಳವಾಯಿತು. ಇದರಲ್ಲಿ ಸುಮಾರು 27 ಲೀಟರಿನಷ್ಟು ಜಾಗವಿರುತ್ತದೆ. ಒಂದೂವರೆ ಮಿ.ಮೀ. ದಪ್ಪದ ಅಲ್ಯೂಮಿನಿಯಂ ತಗಡಿನಲ್ಲಿ ಮಾಡಿದರೆ ಬರೀ ಪೆಟ್ಟಿಗೆಯ ತೂಕ ಸುಮಾರು 2.3 ಕಿಲೋ. ಒಂದು ಮಿ.ಮೀ. ಉಕ್ಕಿನ ತಗಡಿನಲ್ಲಿ ಮಾಡಿದರೆ ಸುಮಾರು 4.4 ಕಿಲೋ. ಹನ್ನೆರಡು ಮಿ.ಮೀ. ಪ್ಲೈವುಡ್ಡಿನಲ್ಲೂ ಹೆಚ್ಚುಕಡಿಮೆ ಅಷ್ಟೇ. ಅಂದರೆ ಅಗ್ಗವೆಂದು ಉಕ್ಕನ್ನು ಆರಿಸಿದವರು ಪ್ರತಿದಿನ ಎರಡು ಕಿಲೋ ಹೆಚ್ಚುವರಿ ಭಾರವನ್ನು ವೃಥಾ ಹೊರುತ್ತಾರೆ. ಹಲವು ಬೈಕುಗಳ ಕೈಪಿಡಿಗಳಲ್ಲಿ ಹಿಂದಿನ ಕ್ಯಾರಿಯರ್ ಹೊರಬಹುದಾದ ಭಾರ ಕೆಲವೇ ಕಿಲೋ ಎಂದು ಬರೆದಿರುತ್ತದೆ. ಕೈಪಿಡಿಯ ಆ ಪುಟವನ್ನು ನೋಡಿದ ಬಳಿಕವೇ ಅಳತೆ ತೆಗೆಯಬೇಕು.

ಗಟ್ಟಿ ಪ್ಲಾಸ್ಟಿಕ್ಕಿನ ಉಪಕರಣ ಪೆಟ್ಟಿಗೆಯನ್ನು ಕೊಂಡು ಕೂರಿಸುವುದು ಇನ್ನೂ ಸುಲಭ. ಅದು ತುಕ್ಕು ಹಿಡಿಯದು, ಬಿದ್ದರೆ ಅದರ ಅಂಚು ಲೋಹದಷ್ಟು ಹರಿತವಲ್ಲ. ಆದರೆ ಬಿಸಿಲಿಗೆ ವರ್ಷಗಟ್ಟಲೆ ಒಡ್ಡಿದ ಅಗ್ಗದ ಪ್ಲಾಸ್ಟಿಕ್ ಪೆಡಸಾಗಿ ಬಿರುಕು ಬಿಡುತ್ತದೆ. ಬೋಲ್ಟ್ ಹಾಕುವ ತೂತಿನ ಸುತ್ತ ಒಳಗಡೆ ಅಂಗೈಯಗಲದ ಅಲ್ಯೂಮಿನಿಯಂ ಪಟ್ಟಿಯನ್ನಿಟ್ಟರೆ ಎಳೆತವೆಲ್ಲ ಒಂದೇ ಬಿಂದುವಿನ ಮೇಲೆ ಬೀಳದೆ ಹಂಚಿಹೋಗುತ್ತದೆ.

ಚೌಕಟ್ಟು ಮತ್ತು ಜೋಡಣೆ

ಪೆಟ್ಟಿಗೆಯನ್ನು ಹೊರುವ ಚೌಕಟ್ಟಿಗೆ ಉಕ್ಕಿನ ಕೊಳವೆಯೇ ಸೂಕ್ತ. ಉಕ್ಕು ಸವಕಲಾಗುವ ಮುನ್ನ ಬಾಗಿ ಸೂಚನೆ ಕೊಡುತ್ತದೆ, ಯಾವ ಊರಿನಲ್ಲಾದರೂ ವೆಲ್ಡಿಂಗ್ ಮಾಡುವವರು ಸಿಗುತ್ತಾರೆ. ಅಲ್ಯೂಮಿನಿಯಂ ವೆಲ್ಡಿಂಗ್‌ಗೆ ಬೇರೆ ಯಂತ್ರ, ಬೇರೆ ಕೈಚಳಕ ಬೇಕು. ಚೌಕಟ್ಟನ್ನು ಬೈಕಿನ ಮೇಲಿಟ್ಟು ಅಳತೆ ಗುರುತಿಸಿ, ಕೆಳಗಿಳಿಸಿದ ನಂತರವೇ ಪೂರ್ಣ ವೆಲ್ಡ್ ಮಾಡಿಸಬೇಕು. ವಾಹನದ ಮೇಲಿಟ್ಟೇ ವೆಲ್ಡ್ ಮಾಡಿದರೆ ಇಂದಿನ ಬೈಕುಗಳ ಎಲೆಕ್ಟ್ರಾನಿಕ್ ಭಾಗಗಳು ಸುಟ್ಟುಹೋಗುವ ಸಂಭವವಿದೆ. ಪೆಟ್ರೋಲ್ ಟ್ಯಾಂಕಿನ ಪಕ್ಕದಲ್ಲಿ ಕಿಡಿ ಹಾರಿಸುವುದರ ಅಪಾಯವನ್ನಂತೂ ಬಿಡಿಸಿ ಹೇಳಬೇಕಿಲ್ಲ.

ಚೌಕಟ್ಟಿಗೆ ಕನಿಷ್ಠ ನಾಲ್ಕು ಆಧಾರ ಬಿಂದುಗಳು ಬೇಕು. ಹಿಂಬದಿ ಸವಾರನ ಹಿಡಿಕೆಯ ಬೋಲ್ಟುಗಳು, ಆಸನದ ಕೆಳಗಿನ ಚೌಕಟ್ಟಿನ ಬೋಲ್ಟುಗಳು ಇದಕ್ಕೆ ಒದಗುತ್ತವೆ. ಹಿಡಿಕೆಯನ್ನು ಉಳಿಸಿಕೊಂಡೇ ಉದ್ದದ ಬೋಲ್ಟ್ ಹಾಕುವುದು ಸರಿಯಾದ ಕ್ರಮ. ಗುಂಡಿಗೆ ಇಳಿದ ಕ್ಷಣದಲ್ಲಿ ವಾಹನದ ಹಿಂಭಾಗ ಗುರುತ್ವದ ಮೂರು ಪಟ್ಟು ವೇಗವರ್ಧನೆಯಿಂದ ಜಿಗಿಯಿತೆಂದರೆ ಹತ್ತು ಕಿಲೋ ಭಾರ ಆ ಕ್ಷಣಕ್ಕೆ ಮೂವತ್ತು ಕಿಲೋದಂತೆ ಎಳೆಯುತ್ತದೆ. ದಿನಕ್ಕೆ ನೂರಾರು ಗುಂಡಿ, ರಸ್ತೆಯುಬ್ಬುಗಳನ್ನು ಹಾಯುವ ವಾಹನದಲ್ಲಿ ಲೋಹ ಬಳಲುವುದು ಹೀಗೆಯೇ.

ಬೋಲ್ಟುಗಳ ವಿಚಾರದಲ್ಲಿ ಕಾಸಿಗೆ ಲೋಭ ಮಾಡಬಾರದು. ತಲೆಯ ಮೇಲೆ 8.8 ಎಂಬ ಗುರುತಿರುವ 8 ಮಿ.ಮೀ. ಬೋಲ್ಟ್, ಅದುರಿದರೂ ಸಡಿಲಗೊಳ್ಳದ ನೈಲಾಕ್ ನಟ್ ಮತ್ತು ಅಗಲ ವಾಷರ್ ಬಳಸಬೇಕು. ಅಲ್ಯೂಮಿನಿಯಂ ಪೆಟ್ಟಿಗೆ ಮತ್ತು ಉಕ್ಕಿನ ಚೌಕಟ್ಟಿನ ನಡುವೆ ರಬ್ಬರ್ ಪದರವಿರಲಿ. ಅದು ಅದುರುವಿಕೆಯನ್ನು ಹೀರುತ್ತದೆ. ಅಷ್ಟೇ ಅಲ್ಲ, ಎರಡು ಬೇರೆ ಬೇರೆ ಲೋಹಗಳು ನೇರವಾಗಿ ಸೇರಿದ ಕಡೆ ತೇವ ಬಿದ್ದರೆ ಅಲ್ಯೂಮಿನಿಯಂ ಕೊರೆದುಹೋಗುತ್ತದೆ. ಉಪ್ಪುಗಾಳಿಯ ಕರಾವಳಿಯಲ್ಲಿ ಈ ಕೊರೆತ ಇನ್ನೂ ಬೇಗ.

ಮುಚ್ಚಳದ ಅಂಚು ಪೆಟ್ಟಿಗೆಯ ಗೋಡೆಯನ್ನು ದಾಟಿ ಎರಡು ಸೆಂ.ಮೀ. ಕೆಳಗಿಳಿದಿರಬೇಕು, ಹಳೆಯ ಹೆಂಚಿನ ಮನೆಯ ಸೂರಿನಂತೆ. ಒಳಗೆ ರಬ್ಬರ್ ಪಟ್ಟಿ, ರಿವೆಟ್ ಹಾಕಿದ ಸಂದುಗಳಿಗೆ ಸಿಲಿಕೋನ್ ಲೇಪ ಹಾಕಬೇಕು. ಇಷ್ಟಾದರೂ ಮಲೆನಾಡಿನ ಮಳೆ ಒಳನುಗ್ಗದೆಂದು ಆಣೆ ಮಾಡುವಂತಿಲ್ಲ. ಆದ್ದರಿಂದ ತಳದ ಮೂಲೆಯಲ್ಲಿ ನೀರು ಹೊರಹೋಗಲು ಒಂದು ಸಣ್ಣ ತೂತಿರಲಿ, ಲ್ಯಾಪ್‌ಟಾಪ್ ತೆಳು ಸ್ಪಂಜಿನ ಮೇಲಿರಲಿ.

ಸೈಲೆನ್ಸರಿನ ಮೇಲ್ಭಾಗದಲ್ಲಿ ಪ್ಲಾಸ್ಟಿಕ್ ಪೆಟ್ಟಿಗೆ ಬಂದರೆ ಸಾಕಷ್ಟು ಅಂತರ ಬಿಟ್ಟು ನಡುವೆ ತಗಡಿನ ಮರೆಯನ್ನಿಡಬೇಕು. ಹಿಂದಿನ ದೀಪ, ಇಂಡಿಕೇಟರ್, ನಂಬರ್ ಪ್ಲೇಟು ಯಾವುದೂ ಮರೆಯಾಗಬಾರದು. ಹಿಂಚಕ್ರದ ಬ್ರೇಕಿನ ಪೈಪು, ಎಬಿಎಸ್ ತಂತಿಗಳು ಚೌಕಟ್ಟಿನ ಅಡಿ ಸಿಕ್ಕಿ ನಲುಗಬಾರದು. ಪೆಟ್ಟಿಗೆಯ ಹಿಂಬದಿಗೆ ಕೆಂಪು ಪ್ರತಿಫಲಕ ಪಟ್ಟಿ ಅಂಟಿಸಿದರೆ ರಾತ್ರಿ ಹೊತ್ತು ಅದೇ ಕಾವಲುಗಾರ.

ಪರೀಕ್ಷೆ ಮಾಡದೆ ಹೊರಡಬೇಡಿ

ಕೆಲಸ ಮುಗಿದ ಮರುದಿನವೇ ಲ್ಯಾಪ್‌ಟಾಪ್ ಇಟ್ಟುಕೊಂಡು ಕಚೇರಿಗೆ ಹೊರಡುವುದು ಆತುರ. ಮೊದಲು ಅಷ್ಟೇ ತೂಕದ ಮರಳಿನ ಚೀಲವನ್ನು ಪೆಟ್ಟಿಗೆಯಲ್ಲಿಟ್ಟು ಭಾನುವಾರ ಬೆಳಿಗ್ಗೆ ಖಾಲಿ ರಸ್ತೆಯಲ್ಲಿ ಸುತ್ತಿಬರಬೇಕು. ಇಪ್ಪತ್ತು, ಮೂವತ್ತು, ನಲವತ್ತು ಕಿಲೋಮೀಟರ್ ವೇಗದಲ್ಲಿ ತಿರುವು ಹೇಗಿದೆ, ಬ್ರೇಕ್ ಹಾಕಿದಾಗ ಹಿಂಭಾಗ ಏನು ಮಾಡುತ್ತದೆ ಎಂದು ಗಮನಿಸಬೇಕು. ಹಿಂದಿನ ಟೈರಿನ ಗಾಳಿಯನ್ನು ಕೈಪಿಡಿಯಲ್ಲಿ ಭಾರಕ್ಕೆಂದು ಹೇಳಿದ ಮಟ್ಟಕ್ಕೆ ಏರಿಸಿ, ಶಾಕ್ ಅಬ್ಸಾರ್ಬರನ್ನು ಒಂದೆರಡು ಮೆಟ್ಟಿಲು ಬಿಗಿಗೊಳಿಸಬೇಕು. ಹ್ಯಾಂಡಲ್ ಅದುರಿದರೆ ಭಾರ ತಗ್ಗಿಸಬೇಕು ಅಥವಾ ಪೆಟ್ಟಿಗೆಯನ್ನು ಮುಂದಕ್ಕೆ ತರಬೇಕು.

ಪ್ರತಿ ನಟ್ಟಿನಿಂದ ಚೌಕಟ್ಟಿನವರೆಗೆ ಉಗುರುಬಣ್ಣದ ಒಂದು ಗೆರೆ ಎಳೆದಿಟ್ಟರೆ ನಟ್ಟು ತಿರುಗಿದ್ದು ಒಂದೇ ನೋಟಕ್ಕೆ ತಿಳಿಯುತ್ತದೆ. ಮೊದಲ ಐವತ್ತು ಕಿಲೋಮೀಟರಿನ ನಂತರ ಒಮ್ಮೆ, ಆಮೇಲೆ ವಾರಕ್ಕೊಮ್ಮೆ ಈ ಗೆರೆಗಳನ್ನೂ ವೆಲ್ಡಿಂಗ್ ಸಂದುಗಳನ್ನೂ ನೋಡಬೇಕು. ಬಣ್ಣದ ಮೇಲೆ ಕೂದಲೆಳೆಯಂಥ ತುಕ್ಕಿನ ಗೆರೆ ಕಂಡರೆ ಅದು ಬಿರುಕಿನ ಮೊದಲ ಸುಳಿವು. ಚೌಕಟ್ಟಿನಿಂದ ಪೆಟ್ಟಿಗೆಗೆ ಒಂದು ಉಕ್ಕಿನ ತಂತಿಯನ್ನು ಹೆಚ್ಚುವರಿಯಾಗಿ ಕಟ್ಟಿದ್ದರೆ ಬೋಲ್ಟ್ ತುಂಡಾದರೂ ಪೆಟ್ಟಿಗೆ ರಸ್ತೆಗೆ ಬೀಳದು. ಆ ತಂತಿ ಸಡಿಲವಾಗಿ ಚಕ್ರದತ್ತ ಜೋತಾಡದಂತೆ ನೋಡಿಕೊಳ್ಳಬೇಕಷ್ಟೆ.

ಬೆನ್ನ ಭಾರ ಇಳಿಸಿಕೊಳ್ಳುವ ಸವಾರನ ಆಸೆ ನ್ಯಾಯವಾದದ್ದೇ. ಆದರೆ ಆ ಭಾರ ಇಳಿದು ಹೋಗುವುದು ನಾಲ್ಕು ಬೋಲ್ಟುಗಳ ಮೇಲೆ. ಅವುಗಳ ಮೇಲೆ ವಾರಕ್ಕೆ ಐದು ನಿಮಿಷ ಕಣ್ಣಿಟ್ಟರೆ ಸವಾರನೂ, ಅವನ ಹಿಂದೆ ಕೂತವರೂ, ಅವರ ಹಿಂದೆ ಬರುವ ಅಪರಿಚಿತರೂ ಕ್ಷೇಮವಾಗಿ ಮನೆ ಸೇರುತ್ತಾರೆ.