ಹಳೆಯ ಟ್ರ್ಯಾಕ್ಟರಿನ ಪರೀಕ್ಷೆ: ವೆಚ್ಚ ಯಾರದು?

ಜಾತ್ರೆಯಲ್ಲಿ ಎತ್ತು ಕೊಳ್ಳುವ ರೈತನು ಹಲ್ಲು ಹಿಡಿದು ವಯಸ್ಸನ್ನು ನೋಡುವನು, ಸುಳಿ ನೋಡುವನು, ನೊಗಕ್ಕೆ ಹೂಡಿ ನಡೆಯಿಸಿ ನೋಡುವನು. ಇದಕ್ಕೆ ಆತನ ಅನುಭವವೇ ಸಾಕಾಗುವುದರಿಂದ ವೆಚ್ಚದ ಪ್ರಶ್ನೆ ಹುಟ್ಟದು. ಹಳೆಯ ಟ್ರ್ಯಾಕ್ಟರಿನ ವಿಷಯ ಹಾಗಲ್ಲ. ಅದರ ದೋಷಗಳು ಒಳಗೆ ಅಡಗಿರುವುವು. ಅವನ್ನು ಕಂಡುಹಿಡಿಯಲು ನುರಿತ ಮೆಕ್ಯಾನಿಕ್ ಬೇಕು. ಆತನಿಗೆ ಕೂಲಿ ಸಲ್ಲಬೇಕು. ಅದನ್ನು ಯಾರು ಕೊಡತಕ್ಕದ್ದು?

ಬೇಲೂರು ತಾಲ್ಲೂಕಿನ ಗೆಂಡೆಹಳ್ಳಿಯ ರೈತನೊಬ್ಬನು ಹಾಸನದಲ್ಲಿ ಹಳೆಯ ಟ್ರ್ಯಾಕ್ಟರೊಂದನ್ನು ಗೊತ್ತುಮಾಡಿದನೆಂದು ಭಾವಿಸೋಣ. “ನಮ್ಮ ಮೆಕ್ಯಾನಿಕ್ಕೇ ನೋಡಿದ್ದಾನೆ, ನಿಮಗೇಕೆ ಖರ್ಚು?” ಎಂದು ಮಾರುವವನು ಹೇಳಬಹುದು. ಇದರಿಂದ ಸ್ವಲ್ಪ ಹಣ ಉಳಿದಂತೆ ತೋರುವುದು. ಆದರೆ ಕೂಲಿ ಕೊಟ್ಟವನ ಹಿತವನ್ನು ನೋಡುವುದು ಕೆಲಸಗಾರನ ಸ್ವಭಾವ. ಆದುದರಿಂದ ಪರೀಕ್ಷಕನನ್ನು ಆರಿಸುವವನೂ ಆತನಿಗೆ ಕೂಲಿ ಕೊಡುವವನೂ ಕೊಳ್ಳುವವನೇ ಆಗಿರಬೇಕು. ದಲ್ಲಾಳಿಯು ಕರೆತಂದವನನ್ನು ನೆಚ್ಚಬಾರದು.

ಕಾನೂನಿನ ದೃಷ್ಟಿಯೂ ಇದಕ್ಕೆ ಅನುಗುಣವಾಗಿದೆ. 1930ನೆಯ ಸರಕು ಮಾರಾಟದ ಕಾಯಿದೆಯ 16ನೆಯ ಪ್ರಕರಣದಂತೆ, ಕೆಲವು ಸಂದರ್ಭಗಳನ್ನು ಬಿಟ್ಟರೆ, ಗುಣದೋಷಗಳನ್ನು ಅರಿತು ಕೊಳ್ಳುವ ಹೊಣೆ ಕೊಳ್ಳುವವನದೇ. 1872ನೆಯ ಕರಾರು ಕಾಯಿದೆಯಂತೆ, ತಿಳಿದೂ ಸುಳ್ಳು ಹೇಳಿ ಮಾರುವುದು ವಂಚನೆ. ಆದರೆ ದೋಷವನ್ನು ಹೇಳದೆ ಸುಮ್ಮನಿದ್ದುದು ಸಾಮಾನ್ಯವಾಗಿ ವಂಚನೆ ಎನಿಸದು. ಆದುದರಿಂದ ಬಾಯಿಬಿಟ್ಟು ಕೇಳಿ, ಉತ್ತರವನ್ನು ಬರೆಯಿಸಿಕೊಳ್ಳುವುದು ಕ್ಷೇಮ.

ಹಾಗೆಂದು ಎಲ್ಲ ವೆಚ್ಚವೂ ಕೊಳ್ಳುವವನ ಮೇಲೆ ಬೀಳಬೇಕಾಗಿಲ್ಲ. ಓಡಿಸಿ ತೋರಿಸಲು ಬೇಕಾದ ಡೀಸೆಲ್ಲನ್ನೂ, ನೋಂದಣಿ ಪತ್ರದಲ್ಲಿ ಬ್ಯಾಂಕಿನ ಸಾಲದ ನಮೂದಿದ್ದರೆ ಅದನ್ನು ತೆಗೆಯಿಸುವ ಖರ್ಚನ್ನೂ ಮಾರುವವನು ವಹಿಸುವುದು ನ್ಯಾಯ. ಆತನು ಹೇಳಿದ್ದು ಸುಳ್ಳೆಂದು ಪರೀಕ್ಷೆಯಲ್ಲಿ ಕಂಡುಬಂದರೆ ಮೆಕ್ಯಾನಿಕ್ಕಿನ ಕೂಲಿಯನ್ನು ಆತನೇ ತುಂಬಿಕೊಡತಕ್ಕದ್ದೆಂದು ಮೊದಲೇ ಒಪ್ಪಂದ ಮಾಡಿಕೊಳ್ಳಬಹುದು.

ಪರೀಕ್ಷೆಯನ್ನು ಮುಂಗಡ ಕೊಡುವುದಕ್ಕೆ ಮುಂಚೆಯೇ ಮಾಡಿಸಬೇಕು. ಎಂಜಿನ್ನು ತಣ್ಣಗಿರುವಾಗಲೇ ಹೋಗಿ ಚಾಲನೆ ಮಾಡಿಸಿ ನೋಡುವುದು. ಬೆಚ್ಚಗಿರುವ ಎಂಜಿನ್ನು ತನ್ನ ದೋಷವನ್ನು ಮರೆಮಾಡಬಹುದು. ನೀಲಿ ಹೊಗೆ ಬಿಡದೆ ಬರುತ್ತಿದ್ದರೆ ಎಂಜಿನ್ ಎಣ್ಣೆ ಉರಿಯುತ್ತಿದೆಯೆಂದೂ, ಪಿಸ್ಟನ್ ಉಂಗುರಗಳು ಸವೆದಿರಬಹುದೆಂದೂ ತಿಳಿಯಬೇಕು. ಎಣ್ಣೆ ಹಾಲಿನ ಬಣ್ಣಕ್ಕೆ ತಿರುಗಿದ್ದರೆ ಅದರಲ್ಲಿ ನೀರು ಬೆರೆತಿದೆ. ಹಿಂಬದಿಗೆ ನೇಗಿಲನ್ನು ಜೋಡಿಸಿ ಮೇಲಕ್ಕೆತ್ತಿದಾಗ ಅದು ಬೇಗನೆ ಕುಸಿದರೆ ಹೈಡ್ರಾಲಿಕ್ ಭಾಗದಲ್ಲಿ ಸೋರಿಕೆ ಇರಬಹುದು. ಎಂಜಿನ್ನಿನ ಮತ್ತು ಚಾಸಿಯ ಸಂಖ್ಯೆಗಳನ್ನು ನೋಂದಣಿ ಪತ್ರದೊಡನೆ ಹೋಲಿಸಿ ನೋಡತಕ್ಕದ್ದು.

ದೋಷ ಕಂಡೊಡನೆ ವ್ಯಾಪಾರವನ್ನು ಬಿಡಲೇಬೇಕೆಂದಿಲ್ಲ. ದುರಸ್ತಿಯ ವೆಚ್ಚವನ್ನು ಲೆಕ್ಕಹಾಕಿ ಬೆಲೆಯಲ್ಲಿ ಇಳಿಸಿಕೊಂಡರೆ ಕೊಟ್ಟ ಕೂಲಿ ಅಲ್ಲಿಯೇ ತೀರಬಹುದು. ಬಿಟ್ಟುಬಂದರೂ ಆ ಕೂಲಿ ನಷ್ಟವಲ್ಲ. ಸಾಲ ಮಾಡಿ ತಂದ ಯಂತ್ರವು ಉಳುಮೆಯ ಹದದಲ್ಲಿ ಕೆಟ್ಟು ನಿಂತರೆ ದುರಸ್ತಿಯ ಹಣವೂ ಹೋಗುವುದು, ಬಿತ್ತನೆಯ ಕಾಲವೂ ಹೋಗುವುದು. ಹಣವನ್ನು ಮತ್ತೆ ಗಳಿಸಬಹುದು. ಮೀರಿದ ಹದವು ಆ ವರ್ಷಕ್ಕೆ ಮರಳಿ ಬಾರದು.