ಹಲಸಿನ ಬೀಜವೂ ಮಂದ ಜೀರ್ಣಶಕ್ತಿಯೂ

ಹಲಸಿನ ಕಾಲ ಬಂದಿತೆಂದರೆ ಮನೆಯ ಮೂಲೆಯಲ್ಲಿ ಬೀಜದ ರಾಶಿ ಬೀಳುತ್ತದೆ. ಜೊತೆಗೇ “ಅದು ವಾಯು, ನನಗೆ ಬೇಡ” ಎನ್ನುವ ಹಿರಿಯರ ಮಾತೂ ಕೇಳಿಬರುತ್ತದೆ. ವಾಯು ಆಗುವುದು ಸುಳ್ಳಲ್ಲ. ಆದರೆ ಮಳೆಗಾಲಕ್ಕೆ ಒದಗುವ ಆಹಾರವನ್ನು ತಿಪ್ಪೆಗೆ ಸುರಿಯುವ ಮೊದಲು, ಹಾಗೇಕೆ ಆಗುತ್ತದೆಂದು ತಿಳಿಯುವುದು ಲೇಸು.

ಬೀಜದಲ್ಲಿ ಮುಖ್ಯವಾಗಿ ಇರುವುದು ಪಿಷ್ಟ. ಸ್ವಲ್ಪ ಸಸಾರಜನಕವೂ ನಾರೂ ಉಂಟು. ಜಿಡ್ಡು ಬಹಳ ಕಡಿಮೆ. ಈ ಪಿಷ್ಟದ ಒಂದು ಭಾಗ ಸಣ್ಣ ಕರುಳಿನಲ್ಲಿ ಅರಗದೆ ದೊಡ್ಡ ಕರುಳಿಗೆ ಇಳಿಯುತ್ತದೆ. ಅಲ್ಲಿರುವ ಸೂಕ್ಷ್ಮಜೀವಿಗಳು ಅದನ್ನು ದೋಸೆಹಿಟ್ಟಿನಂತೆ ಹುದುಗಿಸುತ್ತವೆ. ಹಿಟ್ಟು ಉಬ್ಬಿದಂತೆಯೇ ಹೊಟ್ಟೆಯೂ ಉಬ್ಬುತ್ತದೆ. ಜೀರ್ಣಶಕ್ತಿ ಚೆನ್ನಾಗಿರುವವರಿಗೆ ಇದರಿಂದ ಕೆಡುಕಿಲ್ಲ, ಕರುಳಿಗೆ ಒಳ್ಳೆಯದೇ. ಕರುಳು ಸೂಕ್ಷ್ಮವಾಗಿರುವವರಿಗೆ ಅಷ್ಟೇ ವಾಯು ಹೊಟ್ಟೆನೋವಾಗಿ ಕಾಡುತ್ತದೆ.

ಹಸಿ ಬೀಜದಲ್ಲಿ ಸಸಾರಜನಕ ಅರಗದಂತೆ ತಡೆಯುವ ವಸ್ತುಗಳೂ ಇವೆ. ಚೆನ್ನಾಗಿ ಬೇಯಿಸಿದರೆ ಇವುಗಳ ಶಕ್ತಿ ಬಹುಮಟ್ಟಿಗೆ ಕುಂದುತ್ತದೆ. ಕೆಂಡದಲ್ಲಿ ಸುಟ್ಟ ಬೀಜ ರುಚಿಯೇನೋ ಹೌದು. ಆದರೆ ಎಷ್ಟೋ ವೇಳೆ ಹೊರಗೆ ಕರಿ, ಒಳಗೆ ಹಸಿ. ಸುಟ್ಟುದನ್ನು ಮುರಿದು ನೋಡಿಯೇ ಮಕ್ಕಳಿಗೆ ಕೊಡತಕ್ಕದ್ದು. ತೀರ ಚಿಕ್ಕವರಿಗೆ ಇಡೀ ಬೀಜ ಕೊಡಲೇಬಾರದು, ಗಂಟಲಲ್ಲಿ ಸಿಕ್ಕಿಕೊಂಡೀತು.

ಜೀರ್ಣಶಕ್ತಿ ಮಂದವಾದವರು ಬಿಳಿಯ ಸಿಪ್ಪೆ ತೆಗೆದು, ಒಳಗಿನ ಕಂದು ಪೊರೆಯನ್ನು ಕೆರೆದು, ಬೀಜವನ್ನು ಜಜ್ಜಿ, ಬೆರಳಲ್ಲಿ ಒತ್ತಿದರೆ ಹಿಟ್ಟಾಗುವಷ್ಟು ಬೇಯಿಸಬೇಕು. ಬಿಸಿಯಿರುವಾಗಲೇ ಉಣ್ಣಬೇಕು. ಬೆಂದ ಪಿಷ್ಟ ತಣಿದಾಗ ಅದರ ಒಂದಂಶ ಮತ್ತೆ ಅರಗದಂತಾಗುತ್ತದೆ. ರಾತ್ರಿಯ ಹುಳಿ ಬೆಳಿಗ್ಗೆಗೆ ರುಚಿ ಎಂಬ ಮಾತು ಇವರಿಗಲ್ಲ.

ಮೊದಲ ದಿನ 4–5 ಬೀಜ ಸಾಕು. ಎರಡು ದಿನ ನೋಡಿ, ತೊಂದರೆಯಿಲ್ಲದಿದ್ದರೆ ಹೆಚ್ಚಿಸಬಹುದು. ಹೀಗೆ ಪರೀಕ್ಷಿಸುವಾಗ ಅವರೆ, ಹುರುಳಿ, ತೊಗರಿಬೇಳೆ, ಈರುಳ್ಳಿ, ಬೆಳ್ಳುಳ್ಳಿ ಬೇಡ. ಇವೂ ವಾಯು ಮಾಡುವಂಥವೇ. ಸೌತೆಕಾಯಿಯೊಡನೆ ಬೇಯಿಸಿ, ತೆಂಗಿನಕಾಯಿ ಜೀರಿಗೆ ಅರೆದು ಹಾಕಿದರೆ ಸಾಕು. ಹೊಟ್ಟೆತುಂಬ ತೊಳೆ ತಿಂದು, ಅದೇ ದಿನ ಬೀಜದ ಹುಳಿಯನ್ನೂ ಉಂಡು, ತಪ್ಪನ್ನೆಲ್ಲ ಬೀಜದ ಮೇಲೆ ಹೊರಿಸುವವರೂ ಇದ್ದಾರೆ!

ಸಕ್ಕರೆ ಕಾಯಿಲೆಯವರು ಬೀಜ ತಿಂದಷ್ಟು ಅನ್ನವನ್ನೋ ಮುದ್ದೆಯನ್ನೋ ಕಡಿಮೆ ಮಾಡಬೇಕು.

ಉಳಿದ ಬೀಜವನ್ನು ತೊಳೆದು, ನೆರಳಲ್ಲಿ ಆರಿಸಿ, ಮಲೆನಾಡಿನವರಂತೆ ಕೆಮ್ಮಣ್ಣು ಸವರಿ ಇಟ್ಟರೆ ಮಳೆಗಾಲದಲ್ಲಿ ತರಕಾರಿ ಇಲ್ಲದ ದಿನಕ್ಕೆ ಆದೀತು. ಬೂಷ್ಟು ಹಿಡಿದುದನ್ನು ಮಾತ್ರ ಎಸೆಯತಕ್ಕದ್ದು.

ಮಲದಲ್ಲಿ ರಕ್ತ, ಕಾರಣವಿಲ್ಲದೆ ಮೈ ಇಳಿಯುವುದು, ನಿದ್ದೆಗೆಡಿಸುವ ಹೊಟ್ಟೆನೋವು, ಬಿಡದ ಭೇದಿ, ಇವು ಬೀಜದ ವಾಯುವಲ್ಲ. ಕಷಾಯ ಕುಡಿಯುತ್ತ ದಿನ ಕಳೆಯದೆ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ ಕೂಡಲೇ ತೋರಿಸಬೇಕು.